ಹಾಲಿನ ಲೆಕ್ಕ ಹಿಡಿದವರು: ತೆಂಗಿನ ಸೀಮೆಯ ಮಹಿಳಾ ಡೇರಿಗಳಲ್ಲಿ ಒಂದು ತಲೆಮಾರಿನ ದುಡಿಮೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳ ಹಣಕಾಸು ತಿಳಿಯಬೇಕಾದರೆ ಮೊದಲು ಅಟ್ಟ ಹತ್ತಿ ನೋಡಬೇಕು. ಬಲಿತ ತೆಂಗಿನಕಾಯಿಯನ್ನು ಕೆಡವಿ, ಮಟ್ಟೆ ಸಮೇತ ಅಟ್ಟಕ್ಕೇರಿಸಿದರೆ ಎಂಟು ಹತ್ತು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಉಂಡೆ ಗುಡುಗುಡು ಅನ್ನುವ ತನಕ ಕಾಯಬೇಕು. ಆಮೇಲೆ ಸುಲಿದು, ಕರಟ ಒಡೆದು, ಕೌಟು ಬೇರೆ ಮಾಡಿ, ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ ಹಾಕಬೇಕು. ಅಲ್ಲಿ ಆ ವಾರ ಬೆಲೆ ಬಿದ್ದಿದ್ದರೆ ಮೂಟೆ ಮಂಡಿಯಲ್ಲೇ ಕೂತಿತು. ಉಂಡೆ ಕೊಬ್ಬರಿಯ ದುಡ್ಡು ದೊಡ್ಡದು, ಆದರೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಬರುವಾಗ ತೋಟ ಯಾರ ಹೆಸರಿನಲ್ಲಿದೆಯೋ ಅವರ ಕೈಗೆ ಬರುತ್ತದೆ, ಬಂದ ದಿನವೇ ಹಳೆಯ ಸಾಲಕ್ಕೆ, ಮದುವೆಗೆ, ಬೋರ್‌ವೆಲ್‌ಗೆ ಹಂಚಿಹೋಗುತ್ತದೆ. ಮಿಕ್ಕ ದಿನಗಳ ಉಪ್ಪು ಮೆಣಸಿನಕಾಯಿ, ಮಕ್ಕಳ ಬಸ್ ಪಾಸು, ಅತ್ತೆಯ ಮಾತ್ರೆ, ಇವಕ್ಕೆಲ್ಲ ದುಡ್ಡು ಹುಟ್ಟಬೇಕಾದದ್ದು ಬೇರೆ ಕಡೆಯಿಂದ. ನಮ್ಮ ಸೀಮೆಯಲ್ಲಿ ಅದು ಹುಟ್ಟಿದ್ದು ಕೊಟ್ಟಿಗೆಯಲ್ಲಿ.

ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಸ್ಮರಣ ಸಂಚಿಕೆಗೆ ಬರೆಯಿರಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ, ಕಟ್ಟಡ ಯಾವಾಗ ಎದ್ದಿತು, ಉದ್ಘಾಟನೆಗೆ ಯಾರು ಬಂದಿದ್ದರು ಎಂಬ ಪಟ್ಟಿ ಕೊಡುವುದು ಸುಲಭವಿತ್ತು. ಆ ಪಟ್ಟಿ ಬೇರೆ ಪುಟದಲ್ಲಿ ಇದ್ದೇ ಇರುತ್ತದೆ. ನನಗೆ ಹೇಳಬೇಕೆನಿಸಿದ್ದು ಇಲ್ಲಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳ ಸಂಗತಿ. ಡೇರಿಯ ಈ ಚಿಕ್ಕ ಕೋಣೆಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಬಂದವರು ಲೆಕ್ಕ ಕಲಿತರು, ಸಭೆ ನಡೆಸುವುದನ್ನು ಕಲಿತರು, ಬ್ಯಾಂಕಿನ ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂರುವುದನ್ನು ಕಲಿತರು. ಊರು ಬಿಡದೆ, ಮನೆ ಬಿಡದೆ ಇಷ್ಟು ಬೆಳೆಯುವುದಕ್ಕೆ ಎಡೆಕೊಟ್ಟ ಇನ್ನೊಂದು ಉದ್ಯೋಗ ನಮ್ಮ ಹಳ್ಳಿಗಳಲ್ಲಿ ಆಗ ಇರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಶುರುವಾದ ಸಹಕಾರ ಸಂಘದ ಮಾದರಿಯನ್ನು ದೇಶಕ್ಕೆಲ್ಲ ಹರಡಲು 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು, ವರ್ಗೀಸ್ ಕುರಿಯನ್ ಅದರ ಚುಕ್ಕಾಣಿ ಹಿಡಿದರು. ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಬಂತು. ಮೊದಲಿಗೆ ದಕ್ಷಿಣದ ಎಂಟು ಜಿಲ್ಲೆಗಳಲ್ಲಿ ಕೆಲಸ ಆರಂಭಿಸಿತು, ತುಮಕೂರು ಅವುಗಳಲ್ಲಿ ಒಂದು. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ, ಹೀಗೆ ಮೂರು ಮೆಟ್ಟಿಲು. ತೆಂಗಿನ ತೋಟಗಳ ನಡುವೆ ಕರೆದ ಹಾಲು ಕ್ಯಾನಿನಲ್ಲಿ ಲಾರಿ ಹತ್ತಿ ಕೊನೆಗೆ ತುಮಕೂರಿನ ಹತ್ತಿರದ ಮಲ್ಲಸಂದ್ರದ ಡೇರಿಗೆ ಸೇರುತ್ತಿತ್ತು.

ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಮೊದಲಿನಿಂದಲೂ ಇತ್ತು. ಹಸುವಿಗೆ ಹುಲ್ಲು ಕೊಯ್ದು ತರುವವಳು ಹೆಂಗಸು, ಸಗಣಿ ಬಾಚುವವಳು ಹೆಂಗಸು, ಕರೆಯುವವಳೂ ಅವಳೇ. ಸಂಘದ ಪುಸ್ತಕದಲ್ಲಿ ಸದಸ್ಯ ಮಾತ್ರ ಅವಳ ಗಂಡ. ಬಟವಾಡೆ ದಿನ ದುಡ್ಡು ಎಣಿಸಿಕೊಂಡು ಹೋಗುವವನೂ ಅವನು. ಜನರಲ್ ಬಾಡಿಯಲ್ಲಿ ಹೆಂಗಸರು ಕಂಡರೆ ಅದು ಕಾಫಿ ಲೋಟ ತೊಳೆಯುವ ಕಡೆ. 1986-87ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕಾಗಿ ‘ಸ್ಟೆಪ್’ ಯೋಜನೆ ತಂದಿತು. ಮಹಾಮಂಡಳಿ ಅದನ್ನು ಹಿಡಿದು ಒಕ್ಕೂಟಗಳ ಮೂಲಕ ಮಹಿಳೆಯರದೇ ಹಾಲು ಉತ್ಪಾದಕರ ಸಂಘಗಳನ್ನು ಕಟ್ಟತೊಡಗಿತು. ಸದಸ್ಯರೆಲ್ಲ ಹೆಂಗಸರು, ನಿರ್ದೇಶಕರೆಲ್ಲ ಹೆಂಗಸರು, ಕಾರ್ಯದರ್ಶಿ, ಹಾಲು ಪರೀಕ್ಷಕಿ, ಸಹಾಯಕಿ ಕೂಡ. ನಮ್ಮ ಊರಿಗೆ ಅದು ಬರುವಾಗ ತೊಂಬತ್ತರ ದಶಕ ಶುರುವಾಗಿತ್ತು. ‘ಹೆಂಗಸರ ಡೇರಿಯಂತೆ, ಆರು ತಿಂಗಳು ನಡೆದರೆ ಹೆಚ್ಚು’ ಎಂದು ಅರಳಿಕಟ್ಟೆಯಲ್ಲಿ ಮಾತಾಡಿಕೊಂಡವರು ಇದ್ದರು. ಅವರ ಮನೆಯ ಹಾಲೂ ಆಮೇಲೆ ಇಲ್ಲಿಗೇ ಬಂತು, ಅವರ ಸೊಸೆಯಂದಿರ ಹೆಸರಿನಲ್ಲಿ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ತುರುವೇಕೆರೆ ಕಡೆಯ ಈ ಊರಿಗೆ ಬಂದವಳು. ಸಂಘಕ್ಕೆ ಓದು ಬರಹ ಬಲ್ಲ, ಬೆಳಗ್ಗೆ ಸಂಜೆ ತಪ್ಪದೆ ಬರುವ ಹೆಣ್ಣುಮಗಳು ಬೇಕು ಎಂದು ಒಕ್ಕೂಟದ ವಿಸ್ತರಣಾಧಿಕಾರಿ ಕೇಳಿದಾಗ ಅತ್ತೆಯೇ ನನ್ನ ಹೆಸರು ಹೇಳಿದ್ದು. ಸೇರಿದ್ದು ಪರೀಕ್ಷಕಿಯಾಗಿ. ಆಗಿನ ಹಾಲು ಪರೀಕ್ಷೆಯನ್ನು ಈಗಿನ ಹುಡುಗಿಯರು ನೋಡಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಪ್ರತಿ ಸದಸ್ಯೆಯ ಹಾಲಿನಿಂದ ಒಂದು ಚಿಕ್ಕ ಬಾಟಲಿಗೆ ಮಾದರಿ ತೆಗೆದು, ಬಾಟಲಿಯ ಮೇಲೆ ಅವಳ ನಂಬರು. ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುವುದು ಮೊದಲ ಹೆಜ್ಜೆ, ನೀರು ಬೆರೆತಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಫ್ಯಾಟು. ಬ್ಯುಟಿರೋಮೀಟರ್ ಎಂಬ ಉದ್ದ ಕತ್ತಿನ ಗಾಜಿನ ನಳಿಗೆಗೆ 10 ಮಿಲಿಲೀಟರ್ ಗಂಧಕಾಮ್ಲ ಮೊದಲು ಹಾಕಬೇಕು. ಅದರ ಮೇಲೆ 10.75 ಮಿಲಿಲೀಟರ್ ಹಾಲನ್ನು ಗಾಜಿನ ಗೋಡೆಗೆ ತಾಗಿಸಿ ಮೆತ್ತಗೆ ಇಳಿಸಬೇಕು. ಸುಮ್ಮನೆ ಸುರಿದರೆ ಆಮ್ಲದೊಡನೆ ಕುದಿದು ಮೇಲೆ ಹಾರುತ್ತದೆ. ಅದಕ್ಕೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಬಿರಡೆ ಬಿಗಿದು, ಬಟ್ಟೆ ಸುತ್ತಿ ಕುಲುಕಿದರೆ ನಳಿಗೆ ಕೈ ಸುಡುವಷ್ಟು ಬಿಸಿಯಾಗಿ ಹಾಲು ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ಸಾಲು ಸಾಲು ನಳಿಗೆಗಳನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ಕೈಯಲ್ಲಿ ಹಿಡಿ ತಿರುಗಿಸಬೇಕು. ನಾಲ್ಕೈದು ನಿಮಿಷ ಒಂದೇ ವೇಗದಲ್ಲಿ ತಿರುಗಿಸುವುದಕ್ಕೆ ರಾಗಿ ಬೀಸಿದ ತೋಳೇ ಬೇಕು. ತೆಗೆದು ನೋಡಿದರೆ ಕತ್ತಿನ ಗೆರೆಗಳ ಮೇಲೆ ಬೆಣ್ಣೆಯ ಒಂದು ಹಳದಿ ಪಟ್ಟಿ ನಿಂತಿರುತ್ತದೆ. 3.5 ಬಂತೋ, 4 ಬಂತೋ, ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು.

ಆ ಹಳದಿ ಪಟ್ಟಿಯ ಮೇಲೆ ಒಂದೊಂದು ಮನೆಯ ವಾರದ ದುಡ್ಡು ನಿಂತಿರುತ್ತಿತ್ತು. ಹಾಗಾಗಿ ಪರೀಕ್ಷಕಿಯ ಮಾತಿಗೆ ಊರಿನಲ್ಲಿ ತೂಕ ಬಂತು. ಪಟೇಲರ ಮನೆಯ ಹಾಲಿಗೂ ಕೂಲಿಯವಳ ಹಾಲಿಗೂ ಅದೇ ಆಮ್ಲ, ಅದೇ ನಳಿಗೆ. ‘ಇವತ್ತು ಡಿಗ್ರಿ ಕಡಿಮೆ, ಕ್ಯಾನಿಗೆ ಹಾಕಲ್ಲ’ ಎಂದು ಇಪ್ಪತ್ತರ ವಯಸ್ಸಿನ ಸೊಸೆಯೊಬ್ಬಳು ಊರ ಹಿರಿಯರ ಮನೆಯವರಿಗೆ ಹೇಳಿ, ಅದನ್ನು ಉಳಿಸಿಕೊಳ್ಳುವುದು ಸಣ್ಣ ಸಂಗತಿಯಾಗಿರಲಿಲ್ಲ. ಅದಕ್ಕೆ ಅವಳೊಬ್ಬಳ ಧೈರ್ಯ ಸಾಲದು, ಸಂಘ ಅವಳ ಹಿಂದೆ ನಿಲ್ಲಬೇಕು. ನಮ್ಮ ಮೊದಲ ಅಧ್ಯಕ್ಷೆಗೆ ರುಜು ಮಾಡಲಷ್ಟೇ ಬರುತ್ತಿತ್ತು. ಆದರೆ ಪರೀಕ್ಷಕಿ ಬರೆದ ಅಂಕಿಯನ್ನು ಯಾರ ಮಾತಿಗೂ ತಿದ್ದಬಾರದು ಎಂಬ ಠರಾವು ಮಾಡಿಸಿದವರು ಅವರೇ. ಕೆಲಸದ ಜಾಗದಲ್ಲಿ ಬೆಂಬಲ ಅಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಮೊದಲು ನೆನಪಾಗುವುದು ಆ ಠರಾವು.

ಜಾತಿಯ ಮಾತನ್ನೂ ಮುಚ್ಚಿಡದೆ ಬರೆಯಬೇಕು. ಕಾಲೋನಿಯ ಹೆಂಗಸರು ಸರ್ಕಾರದ ಸಾಲದಲ್ಲಿ ಸೀಮೆ ಹಸು ತಂದು ಸದಸ್ಯರಾದಾಗ, ಅವರ ಹಾಲಿಗೆ ಬೇರೆ ಕ್ಯಾನ್ ಇಡಿ ಎಂಬ ಪಿಸುಮಾತು ಎದ್ದಿತ್ತು. ಸಹಕಾರದ ನಿಯಮ ಅದಕ್ಕೆ ಎಡೆ ಕೊಡಲಿಲ್ಲ, ವಿಸ್ತರಣಾಧಿಕಾರಿಯೂ ಕೊಡಲಿಲ್ಲ. 40 ಲೀಟರಿನ ಕ್ಯಾನಿಗೆ ಎಲ್ಲರ ಹಾಲೂ ಬಿತ್ತು. ಸಾಲಿನಲ್ಲಿ ಮೊದಲು ಬಂದವರ ಪಾತ್ರೆ ಮೊದಲು. ಆಡಳಿತ ಮಂಡಳಿಯಲ್ಲಿ ಪರಿಶಿಷ್ಟರಿಗೆ ಮೀಸಲಾದ ಸ್ಥಾನಕ್ಕೆ ಬಂದ ನಿರ್ದೇಶಕಿ ಮೊದಲ ಕೆಲವು ಸಭೆಗಳಲ್ಲಿ ಬಾಗಿಲ ಬಳಿಯೇ ಕೂತಿದ್ದರು. ಮುಂದೆ ಅವರೇ ಸಭೆಯ ಅಧ್ಯಕ್ಷತೆ ವಹಿಸಿ, ಪಶು ಆಹಾರದ ಮೂಟೆಗೆ ಒಕ್ಕೂಟ ಹಾಕಿದ ಸಾಗಣೆ ವೆಚ್ಚವನ್ನು ಪ್ರಶ್ನಿಸಿದರು. ಊರಿನಲ್ಲಿ ಎಲ್ಲ ಬದಲಾಯಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಡೇರಿಯ ಹೊಸ್ತಿಲ ಒಳಗಂತೂ ಬದಲಾಯಿತು, ದಿನಕ್ಕೆ ಎರಡು ಹೊತ್ತು.

ಈ ಎರಡು ಹೊತ್ತಿನ ಕೆಲಸ ಎಂಬುದೇ ಹೆಂಗಸರಿಗೆ ದೊಡ್ಡ ಅನುಕೂಲವಾಯಿತು. ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ನಡುವೆ ತೋಟ, ಅಡುಗೆ, ಮಕ್ಕಳು. ಬಸಿರಿನಲ್ಲಿ, ಬಾಣಂತನದಲ್ಲಿ ಕೆಲಸ ಬಿಟ್ಟುಹೋದವಳ ಜಾಗವನ್ನು ಅವಳು ವಾಪಸ್ಸು ಬರುವ ತನಕ ಇನ್ನೊಬ್ಬಳು ನೋಡಿಕೊಳ್ಳುತ್ತಿದ್ದಳು, ಆ ದಿನಗಳ ಸಂಬಳ ಯಾರಿಗೆ ಎಷ್ಟು ಎಂಬುದನ್ನು ಮಂಡಳಿ ಕೂತು ತೀರ್ಮಾನಿಸುತ್ತಿತ್ತು. ಪೋಲಿಯೊದಿಂದ ಒಂದು ಕಾಲು ಸೊರಗಿದ್ದ ಹುಡುಗಿಯೊಬ್ಬಳು ನನ್ನ ನಂತರ ಪರೀಕ್ಷಕಿಯಾಗಿ ಬಂದಳು. ನಿಂತು ಮಾಡುವ ಕೆಲಸವನ್ನು ಕೂತು ಮಾಡುವಂತೆ ಟೇಬಲ್ಲಿನ ಕಾಲು ಕತ್ತರಿಸಿ ತಗ್ಗಿಸಿದೆವು, ಕ್ಯಾನು ಎತ್ತುವ ಕೆಲಸವನ್ನು ಸಹಾಯಕಿಗೆ ವಹಿಸಿದೆವು. ಬಡಗಿಗೆ ಕೊಟ್ಟ ಕೂಲಿ ಆ ತಿಂಗಳ ಖರ್ಚಿನ ಪುಸ್ತಕದಲ್ಲಿ ಇದೆ. ಅವಳು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿಗೆ ಕಟ್ಟಿ ಪಾಸಾದಳು. ಪಕ್ಕದ ಊರಿನ ಸಂಘ ಅವಳನ್ನು ಕಾರ್ಯದರ್ಶಿಯಾಗಿ ಕರೆದುಕೊಂಡಿತು. ಒಳ್ಳೆಯ ಪರೀಕ್ಷಕಿಯನ್ನು ಕಳಕೊಂಡ ಬೇಜಾರು ನಮಗಿತ್ತು, ಆದರೂ ಬೀಳ್ಕೊಡುಗೆಗೆ ಎಲ್ಲರೂ ಬಂದಿದ್ದರು.

ಕಾರ್ಯದರ್ಶಿಯ ಕೆಲಸಕ್ಕೆ ನಾನು ಏರಿದ ಮೇಲೆ ತರಬೇತಿಗೆ ಮೈಸೂರಿಗೆ ಹೋಗಬೇಕಾಯಿತು. ನನ್ನ ಓರಗೆಯ ಅನೇಕ ಕಾರ್ಯದರ್ಶಿಯರಿಗೆ ತವರು ಬಿಟ್ಟರೆ ಹೊರಗೆ ರಾತ್ರಿ ಕಳೆದದ್ದು ಅದೇ ಮೊದಲು. ಅಲ್ಲಿ ನಗದು ಪುಸ್ತಕ, ಖಾತೆ ಪುಸ್ತಕ, ದಾಸ್ತಾನು ಪುಸ್ತಕ, ಜಮಾಖರ್ಚು, ಲಾಭನಷ್ಟದ ತಃಖ್ತೆ ಎಲ್ಲ ಕಲಿಸಿದರು. ಕರುವಿಗೆ ಮೊದಲ ಗಿಣ್ಣುಹಾಲು ಎಷ್ಟು ಕುಡಿಸಬೇಕು, ಕೆಚ್ಚಲುಬಾವು ಹೇಗೆ ಗುರುತಿಸಬೇಕು, ಮೇವಿಗೆ ಅಜೋಲಾ ಹೇಗೆ ಬೆಳೆಯಬೇಕು ಎಂಬುದನ್ನೂ ಕಲಿಸಿದರು. ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ ಬಟವಾಡೆಯ ಪದ್ಧತಿ ಬಿಗಿ ಮಾಡಿದ್ದು. ಸದಸ್ಯೆ ಸ್ವತಃ ಬಂದು ರುಜು ಹಾಕಿದರೆ ಮಾತ್ರ ದುಡ್ಡು. ‘ನನ್ನ ಹೆಂಡತಿಯ ದುಡ್ಡು, ನಾನು ಬಂದರೆ ಏನು?’ ಎಂದು ವಾದ ಮಾಡಿದವರಿದ್ದರು. ನಿಧಾನವಾಗಿ ರೂಢಿಯಾಯಿತು. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರುಮಾಡಿ, ಅದು ಏರುತ್ತ 5 ರೂಪಾಯಿಗೆ ಬಂದು, ನೇರ ಬ್ಯಾಂಕ್ ಖಾತೆಗೆ ಬೀಳುವಂತಾದಾಗ ನಮ್ಮ ಸದಸ್ಯೆಯರ ಹೆಸರಿನಲ್ಲೇ ಖಾತೆ ತೆರೆಸಲು ನಾವು ಪಟ್ಟ ಓಡಾಟ ಒಂದು ಅಧ್ಯಾಯಕ್ಕೆ ಆಗುವಷ್ಟಿದೆ.

ಸಂಘ ಎಷ್ಟು ಗಟ್ಟಿ ಎಂಬುದು ಗೊತ್ತಾಗಿದ್ದು ಕೆಟ್ಟ ವರ್ಷಗಳಲ್ಲಿ. ತೆಂಗಿಗೆ ನುಸಿ ಪೀಡೆ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ನಮ್ಮ ತೋಟಗಳಿಗೂ ಹೊಕ್ಕಿತು. ಎಳೆಗಾಯಿಯ ತೊಟ್ಟಿನ ಬುಡದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕೂತು ರಸ ಹೀರಿದರೆ ಮಟ್ಟೆಯ ಮೇಲೆ ಕಂದು ಬಿರುಕು ಬಿದ್ದು, ಕಾಯಿ ಸುಕ್ಕಿ ಸಣ್ಣದಾಗುತ್ತದೆ. ಅಟ್ಟಕ್ಕೇರಿಸುವಂಥ ಕಾಯಿಯೇ ಕಡಿಮೆಯಾಯಿತು. ಆಮೇಲೆ 2012ರಿಂದ ಮಳೆ ಕೈಕೊಟ್ಟ ವರ್ಷಗಳು ಬಂದವು. ಬೋರ್‌ವೆಲ್ ಬತ್ತಿ, ನಲವತ್ತು ಐವತ್ತು ವರ್ಷದ ಮರಗಳು ಸುಳಿ ಒಣಗಿ ನಿಂತವು. ತಿಪಟೂರು ಟಾಲ್ ಎಂದು ಹೆಸರಾದ ನಮ್ಮ ತಳಿ ಬರ ತಡೆಯುವುದರಲ್ಲಿ ಗಟ್ಟಿ, ಅದರಿಂದಲೇ ಆರಿಸಿ ಉಂಡೆ ಕೊಬ್ಬರಿಗೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ‘ಕಲ್ಪತರು’ ಎಂಬ ತಳಿ ಬಿಡುಗಡೆ ಮಾಡಿತು. ಅಂಥ ಮರಗಳೂ ಸೋತ ವರ್ಷಗಳವು. ಆಗ ಮನೆ ನಡೆಸಿದ್ದು ಹಾಲಿನ ದುಡ್ಡು. ಮೇವು ಇಲ್ಲದೆ ಹಸು ಮಾರಲು ಹೊರಟವರಿಗೆ ಪಶು ಆಹಾರವನ್ನು ಸಾಲವಾಗಿ ಕೊಟ್ಟು, ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಂಡೆವು. ಯಾರಿಗೆ ಎಷ್ಟು ಕೊಡಬಹುದು, ಯಾರ ಮನೆ ಎಷ್ಟು ತಡೆಯುತ್ತದೆ ಎಂಬುದು ದಿನವೂ ಹಾಲು ಅಳೆಯುವ ಸಿಬ್ಬಂದಿಗೆ ಗೊತ್ತಿತ್ತು. ಯಾವ ಬ್ಯಾಂಕಿನ ಕಡತದಲ್ಲೂ ಇಲ್ಲದ ತಿಳಿವಳಿಕೆ ಅದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೆಲಸ ಮಾಡಿದವರಿಗಲ್ಲದೆ ಬೇರೆಯವರಿಗೆ ಅದು ಬರುವುದೂ ಇಲ್ಲ.

ಯಶಸ್ವಿನಿ ಯೋಜನೆಯನ್ನು ಇಲ್ಲಿ ನೆನೆಯಲೇಬೇಕು. 2003ರಲ್ಲಿ ಜಾರಿಗೆ ಬಂದ ಆ ಆರೋಗ್ಯ ಯೋಜನೆಯ ಬಾಗಿಲು ತೆರೆದದ್ದು ಸಹಕಾರ ಸಂಘದ ಸದಸ್ಯತ್ವಕ್ಕೆ. ಗರ್ಭಕೋಶದ ತೊಂದರೆಯನ್ನು ಹೇಳಿಕೊಳ್ಳಲಾಗದೆ ಒದ್ದಾಡುತ್ತಿದ್ದ ಹೆಂಗಸರು ಡೇರಿಯ ಕೋಣೆಯಲ್ಲಿ, ಗಂಡಸರು ಯಾರೂ ಇಲ್ಲದ ಹೊತ್ತು ನೋಡಿ, ಕಾರ್ಡು ಮಾಡಿಸುವ ನೆಪದಲ್ಲಿ ಬಾಯಿ ಬಿಟ್ಟರು. 2018ರಲ್ಲಿ ಯೋಜನೆ ನಿಂತಾಗ ನಮಗೆಲ್ಲ ಕೈ ಮುರಿದಂತಾಗಿತ್ತು, 2022ರಲ್ಲಿ ಮತ್ತೆ ಬಂತು.

ಯಂತ್ರಗಳ ಕಾಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಆಮ್ಲದ ಬಾಟಲಿ ಹೋಯಿತು, ಮಿಲ್ಕೋ ಟೆಸ್ಟರ್ ಬಂತು. ಆಮೇಲೆ ಹಾಲು ಸುರಿದ ಕೂಡಲೇ ತೂಕ, ಫ್ಯಾಟು, ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್, ದರ ಎಲ್ಲ ಚೀಟಿಯಲ್ಲಿ ಬರುವ ಗಣಕ ಯಂತ್ರ ಬಂತು. ಹತ್ತಿರದ ಊರುಗಳ ಹಾಲೆಲ್ಲ ಸೇರಿಸಿ 4 ಡಿಗ್ರಿಗೆ ತಂಪು ಮಾಡುವ ಶೀತಲ ಘಟಕಗಳು ಬಂದವು. ಇನ್ನು ಹಳಬರಿಗೆ ಕೆಲಸವಿಲ್ಲ ಎಂದು ಹೆದರಿದ್ದೆವು. ಹಾಗಾಗಲಿಲ್ಲ. ಐವತ್ತು ದಾಟಿದ ನಮ್ಮ ಸಹಾಯಕಿ ಕೀಲಿಮಣೆಯನ್ನು ತನ್ನ ಮೊಮ್ಮಗಳಿಂದ ಕಲಿತು, ಒಂದು ಬೆರಳಿನಲ್ಲೇ ಕೆಲಸ ನಿಭಾಯಿಸಿದಳು. ಅವಳನ್ನು ತೆಗೆದು ಕಂಪ್ಯೂಟರ್ ಕಲಿತ ಹುಡುಗನನ್ನು ಹಾಕಿ ಎಂಬ ಸಲಹೆ ಬಂದಾಗ ಮಂಡಳಿ ಒಪ್ಪಲಿಲ್ಲ. ಕಲಿಯಲು ಅವಳಿಗೆ ಕಾಲ ಕೊಡೋಣ ಎಂದಿತು. 2020ರ ಲಾಕ್‌ಡೌನಿನಲ್ಲಿ ಊರೆಲ್ಲ ಬಾಗಿಲು ಹಾಕಿದ್ದಾಗ, ಸುಣ್ಣದ ವೃತ್ತಗಳಲ್ಲಿ ಸದಸ್ಯೆಯರನ್ನು ನಿಲ್ಲಿಸಿ ಒಂದು ಹೊತ್ತೂ ತಪ್ಪದೆ ಹಾಲು ತೆಗೆದುಕೊಂಡವರಲ್ಲಿ ಅವಳೂ ಒಬ್ಬಳು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಯಾವ ಮನೆಯ ಹಸುವಿಗೆ ಲಸಿಕೆ ಬಾಕಿ ಎಂಬ ಪಟ್ಟಿ ಅವಳ ನಾಲಿಗೆಯ ತುದಿಯಲ್ಲಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಆಗದೆ ಉಳಿದದ್ದನ್ನೂ ಬರೆಯುವುದು ನ್ಯಾಯ. ಹಳ್ಳಿಯ ಸಂಘದ ಸಿಬ್ಬಂದಿ ಸರ್ಕಾರಿ ನೌಕರರಲ್ಲ, ಒಕ್ಕೂಟದ ನೌಕರರೂ ಅಲ್ಲ. ಸಂಬಳ ಹುಟ್ಟಬೇಕಾದದ್ದು ಸಂಘದ ಉಳಿಕೆಯಿಂದ. ಹಾಲು ಕಡಿಮೆಯಾದ ಊರಿನಲ್ಲಿ ಎಷ್ಟೇ ಚೆನ್ನಾಗಿ ದುಡಿದರೂ ಸಂಬಳ ಏರುವುದಿಲ್ಲ. ಕಾರ್ಯದರ್ಶಿ ಎಂಬ ಹೆಸರು ಹೋಗಿ ಮುಖ್ಯ ಕಾರ್ಯನಿರ್ವಾಹಕಿ ಎಂಬ ದೊಡ್ಡ ಹೆಸರು ಬಂತು, ಜೇಬು ಹಾಗೇ ಉಳಿಯಿತು. ಇಡೀ ಆಯುಷ್ಯ ದುಡಿದವಳಿಗೆ ವಯಸ್ಸಾದ ಮೇಲೆ ಕೈಗೆ ಬರುವ ಮೊತ್ತ ಅವಳ ದುಡಿಮೆಗೆ ತಕ್ಕದ್ದಲ್ಲ. ಹಳ್ಳಿಯಲ್ಲಿ ಮಹಿಳಾ ಸಂಘಗಳು ಇಷ್ಟಿದ್ದರೂ ಒಕ್ಕೂಟಗಳ ಆಡಳಿತ ಮಂಡಳಿಯ ಕುರ್ಚಿಗಳಲ್ಲಿ ಹೆಂಗಸರು ಅಪರೂಪ. ಚುನಾವಣೆಗೆ ಬೇಕಾದ ಓಡಾಟ, ಖರ್ಚು, ರಾತ್ರಿಯ ಸಭೆ, ಇವು ನಮ್ಮ ಹೆಣ್ಣುಮಕ್ಕಳನ್ನು ಊರಿನ ಗಡಿಯಲ್ಲೇ ನಿಲ್ಲಿಸಿವೆ. ನಮ್ಮ ಸಂಘ ನಮ್ಮನ್ನು ಬೆಳೆಸಿತು, ಮೇಲಿನ ಮೆಟ್ಟಿಲುಗಳು ಅಷ್ಟೇ ಮನಸ್ಸಿನಿಂದ ಜಾಗ ಬಿಡಲಿಲ್ಲ. ಒಕ್ಕೂಟದ ಹಿರಿಯರು ಈ ಸಂಚಿಕೆಯನ್ನು ಓದುತ್ತಾರೆ ಎಂಬ ನಂಬಿಕೆಯಿಂದಲೇ ಇದನ್ನು ಬರೆದಿದ್ದೇನೆ.

ಈಗ ಹೊಸ ಚಿಂತೆ ಬೇರೆ. ಕೊಬ್ಬರಿಯ ಬೆಲೆ ಒಮ್ಮೆ ನೆಲಕಚ್ಚುತ್ತದೆ, ಒಮ್ಮೆ ಆಕಾಶಕ್ಕೇರುತ್ತದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2024ರಲ್ಲಿ 12,000 ರೂಪಾಯಿ, 2025ರಲ್ಲಿ 12,100 ಇತ್ತು. ಬೆಲೆ ಏರಿದಾಗ ಹಸು ಕಟ್ಟುವ ಗೋಜು ಬೇಡ ಎನ್ನುವ ಮನೆಗಳು ಹೆಚ್ಚುತ್ತಿವೆ. ಓದಿದ ಹುಡುಗಿಯರು ತುಮಕೂರು, ಬೆಂಗಳೂರಿನ ಗಾರ್ಮೆಂಟ್ಸ್ ಮತ್ತು ಆಸ್ಪತ್ರೆಗಳಿಗೆ ಹೋಗುತ್ತಿದ್ದಾರೆ. ಹೋಗಲಿ, ಚೆನ್ನಾಗಿರಲಿ. ಊರಿನಲ್ಲಿ ಉಳಿಯಬೇಕೆನ್ನುವವಳಿಗೆ ಸಂಘದಲ್ಲಿ ಮರ್ಯಾದೆಯ ಸಂಬಳ ಇರಬೇಕು ಎಂಬುದು ನನ್ನ ಹಟ. ಮುಂದಿನ ವಾರ್ಷಿಕ ಸಭೆಗೆ ಸಿಬ್ಬಂದಿಯ ಸಂಬಳ ಮತ್ತು ನಿವೃತ್ತಿ ನಿಧಿಯ ವಿಷಯವನ್ನು ಸದಸ್ಯೆಯೊಬ್ಬಳಾಗಿ ನಾನೇ ಮಂಡಿಸುವವಳಿದ್ದೇನೆ. ಜೊತೆಗೆ ಇನ್ನೊಂದು ಕೋರಿಕೆ ಇದೆ. ಸಂಘದ ಮೊದಲ ವರ್ಷಗಳ ನಡವಳಿ ಪುಸ್ತಕಗಳು, ಪರೀಕ್ಷೆಯ ರಿಜಿಸ್ಟರುಗಳು ಪಶು ಆಹಾರದ ಮೂಟೆಗಳ ಹಿಂದೆ ಒಂದು ಟ್ರಂಕಿನಲ್ಲಿವೆ. ಗೆದ್ದಲು ಮುಟ್ಟುವ ಮೊದಲು ಅವನ್ನು ತೆಗೆದು, ಹೊಸ ಕಟ್ಟಡದ ಕಬ್ಬಿಣದ ಬೀರುವಿನಲ್ಲಿ ವರ್ಷವಾರು ಜೋಡಿಸಿಡಬೇಕು. ಹೆಬ್ಬೆಟ್ಟಿನಿಂದ ಶುರುವಾಗಿ ರುಜುವಿಗೆ ತಿರುಗಿದ ಪುಟಗಳು ಅವುಗಳಲ್ಲಿ ಇವೆ. ಜೋಡಿಸುವ ಕೆಲಸಕ್ಕೆ ನಾನೂ ಬರುತ್ತೇನೆ, ಸಂಜೆಯ ಹಾಲು ಮುಗಿದ ಮೇಲೆ ಯಾವ ದಿನವಾದರೂ ಸರಿ.